ಬಳ್ಳಾರಿಗೆ ಹುಲಿ ಹಾಲು ತಂದಿದ್ದು

ಪೋಸ್ಟ್‌ಮ್ಯಾನ್ ಫೋನ್ ಮಾಡಿದಾಗ ನಾನು ನಮ್ಮ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ವಾಷಿಂಗಿಗೆ ಕಳಿಸಬೇಕಿದ್ದ ಪ್ಯಾಂಟು ಎಣಿಸುತ್ತಿದ್ದೆ. “ಸಾರ್, ಫಾರಿನ್ನಿಂದ ಒಂದು ಪಾರ್ಸಲ್ ಬಂದೈತೆ. ಚಪ್ಪಟೆ ಐತೆ, ಪಿಜ್ಜಾ ಡಬ್ಬಿ ಇದ್ದಂಗೆ. ಡ್ಯೂಟಿ ಕಟ್ಟಬೇಕು, ಕ್ಯಾಶ್ ಇಟ್ಕಳ್ರಿ” ಅಂದ. ನನ್ನ ಎಣಿಕೆ ತಪ್ಪಿಹೋಯಿತು. ಎರಡು ತಿಂಗಳಿಂದ ಕಾಯುತ್ತಿದ್ದ ಪಾರ್ಸಲ್ ಅದು.

ಒಳಗಿದ್ದದ್ದು ಒಂದು ಎಲ್‌ಪಿ ರೆಕಾರ್ಡು. ನಮ್ಮ ಮನೆಯಲ್ಲಿ ಇವತ್ತಿಗೂ ಅದಕ್ಕೆ ಪ್ಲೇಟು ಅಂತಲೇ ಹೆಸರು. ಗ್ಲಾಸ್ಗೋ ಊರಿನ ಬೆಲ್ ಅಂಡ್ ಸೆಬಾಸ್ಟಿಯನ್ ಅನ್ನೋ ಬ್ಯಾಂಡಿನ ಮೊದಲ ಆಲ್ಬಂ, ‘ಟೈಗರ್‌ಮಿಲ್ಕ್’. ಅಕ್ಕನ ಮಗ ಓದಲು ಆ ಊರಿಗೇ ಹೋಗಿದ್ದ. “ಮಾಮ, ನಿನಗೇನು ಬೇಕು?” ಅಂತ ಕೇಳಿದ. ಚಾಕೊಲೇಟು, ಸ್ವೆಟರು ಅಂತ ಹೇಳಬಹುದಿತ್ತು. ಬಳ್ಳಾರಿ ಬಿಸಿಲಿಗೆ ಸ್ವೆಟರ್ ತಗೊಂಡು ಏನು ಮಾಡೋದು? ಹುಲಿ ಹಾಲು ತಾ ಅಂದೆ.

ಈ ಬ್ಯಾಂಡಿನ ಹುಚ್ಚು ಇರೋರು ನಮ್ಮ ಸುತ್ತಮುತ್ತ ನನಗೆ ಗೊತ್ತಿರೋ ಹಾಗೆ ಮೂರೇ ಜನ. ನಾನು, ರಾಯಚೂರಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಗೆಳೆಯ, ಮತ್ತೆ ಗಂಗಾವತಿಯ ಅಕ್ಕ. ಅಕ್ಕ ಅಂದ್ರೆ ಒಡಹುಟ್ಟಿದವರಲ್ಲ, ನಮಗಿಂತ ಐದು ವರ್ಷ ದೊಡ್ಡವರು, ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡುತ್ತಾರೆ. ಮೂವರೂ ಧಾರವಾಡದಲ್ಲಿ ಓದುವಾಗ ಯಾರೋ ಕಾಪಿ ಮಾಡಿಕೊಟ್ಟ ಒಂದು ಸಿಡಿಯಿಂದ ಶುರುವಾದ ಸಂಬಂಧ. ಇಪ್ಪತ್ತು ವರ್ಷದಿಂದ ಸಿಕ್ಕಾಗೆಲ್ಲ ಅದೇ ಹಾಡು, ಅದೇ ಜಗಳ. ಹೊಸದಾಗಿ ಹೇಳೋಕೆ ಏನೂ ಉಳಿದಿಲ್ಲ ಅಂತ ಗೊತ್ತಿದ್ದೂ ಮಾತಾಡುತ್ತೇವೆ.

ಈ ಆಲ್ಬಮ್ಮಿನ ಕಥೆ ಮಜವಾಗಿದೆ. ಗ್ಲಾಸ್ಗೋದ ಸ್ಟೋ ಕಾಲೇಜಿನಲ್ಲಿ ಮ್ಯೂಸಿಕ್ ಬಿಸಿನೆಸ್ ಕೋರ್ಸ್ ಇತ್ತು. ಆ ಹುಡುಗರು ಎಲೆಕ್ಟ್ರಿಕ್ ಹನಿ ಅನ್ನೋ ತಮ್ಮದೇ ಲೇಬಲ್ಲಿನಿಂದ ರೆಕಾರ್ಡ್ ಹೊರತರುತ್ತಿದ್ದರು. 1996ರಲ್ಲಿ ಅವರ ಕೈಗೆ ಈ ಬ್ಯಾಂಡ್ ಸಿಕ್ಕಿತು. ಒಂದೇ ವಾರದೊಳಗೆ ಹತ್ತು ಹಾಡು ರೆಕಾರ್ಡ್ ಮಾಡಿ ಮುಗಿಸಿದರು. ಹೊಡೆಸಿದ್ದು ಬರೀ 1000 ಪ್ಲೇಟು. ನಮ್ಮ ಯೂನಿಟ್ಟಿನಲ್ಲಿ ಸಾವಿರ ಪೀಸ್ ಅಂದ್ರೆ ಒಂದು ಸಣ್ಣ ಲಾಟು. ಅಷ್ಟೇ ಪ್ಲೇಟು ಇಡೀ ದೇಶಕ್ಕೆ! ಸಿಕ್ಕವರು ಅದನ್ನು ಕ್ಯಾಸೆಟ್ಟಿಗೆ ಇಳಿಸಿ ಗೆಳೆಯರಿಗೆ ಕೊಟ್ಟರು, ಆ ಗೆಳೆಯರು ಇನ್ನೊಬ್ಬರಿಗೆ. 1999ರಲ್ಲಿ ಮತ್ತೆ ಅಚ್ಚಾಗುವ ತನಕ ಹೀಗೇ ನಡೆಯಿತು. ನನಗೆ ಬಂದಿದ್ದು ಮೊದಲ ಸಾವಿರದಲ್ಲಿ ಒಂದಲ್ಲ ಬಿಡಿ. ಅದರ ಬೆಲೆಗೆ ಒಂದು ಹೊಲಿಗೆ ಮೆಷಿನ್ ಬರುತ್ತೆ.

ಕಸ್ಟಮ್ಸಿನವರು ಪಾರ್ಸಲ್ಲಿನ ಒಂದು ಬದಿ ಕೊಯ್ದು ನೋಡಿ ಮತ್ತೆ ಟೇಪು ಸುತ್ತಿದ್ದರು. ಡ್ಯೂಟಿ ಎಷ್ಟು ಕಟ್ಟಿದೆ ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ. ಇಲ್ಲೂ ಹೇಳಲ್ಲ.

ಇಲ್ಲಿಯವರೆಗೆ ಎಲ್ಲ ಚೆನ್ನಾಗೇ ಇತ್ತು. ಆಮೇಲೆ ನಾನು ಒಂದು ಕತ್ತೆ ಕೆಲಸ ಮಾಡಿದೆ. ಅದು ಮೇ ತಿಂಗಳು. ಅವತ್ತು ಭಾವನ ಕಾರು ನನ್ನ ಹತ್ತಿರ ಇತ್ತು. ಪಾರ್ಸಲ್ಲನ್ನು ಹಿಂದಿನ ಗಾಜಿನ ಕೆಳಗಿನ ಹಲಗೆ ಮೇಲೆ ಹುಷಾರಾಗಿ ಇಟ್ಟೆ, ಸೀಟಿನ ಮೇಲಿಟ್ಟರೆ ಜಾರಿ ಬೀಳಬಹುದು ಅಂತ. ಖುಷಿಯಲ್ಲಿ ಮೋತಿ ಸರ್ಕಲ್ ಹತ್ತಿರ ಗಾಡಿ ನಿಲ್ಲಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆ. ಒಂದು ಟೀ ಕುಡಿದೆ. ಪರಿಚಯದವರು ಸಿಕ್ಕರು, ಇನ್ನೊಂದು ಟೀ ಆಯಿತು. ಮುಕ್ಕಾಲು ಗಂಟೆ. ಮನೆಗೆ ಬಂದು ಬಿಚ್ಚಿ ನೋಡಿದರೆ ಪ್ಲೇಟಿನ ಒಂದು ಅಂಚು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಎದ್ದಿದೆ.

ಪ್ಲೇಟು ಮಾಡೋದು ಪಿವಿಸಿಯಿಂದ. 60 ಡಿಗ್ರಿ ದಾಟಿದರೆ ಅದು ಮೆತ್ತಗಾಗುತ್ತೆ. ಬಳ್ಳಾರಿಯಲ್ಲಿ ಮೇ ತಿಂಗಳು ಹೊರಗೇ 42 ಇರುವಾಗ, ಮುಚ್ಚಿದ ಕಾರಿನ ಗಾಜಿನ ಕೆಳಗೆ ಎಷ್ಟಿರಬೇಡ? ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಮಿರ್ಚಿ ತಿಂದೆ.

ಅವ್ವನಿಗೆ ಪ್ಲೇಟು ಕೆಟ್ಟ ಚಿಂತೆ ಇರಲಿಲ್ಲ. ಕವರಿನ ಚಿತ್ರ ಹಿಡಿದು ಕೂತಿದ್ದಳು. ಒಬ್ಬ ಹೆಂಗಸು ಆಟದ ಹುಲಿಮರಿಯನ್ನು ಎದೆಗೆ ಅವುಚಿಕೊಂಡು ಹಾಲೂಡಿಸುವ ಫೋಟೋ ಅದು.

“ಇದೇನೋ ಇದು?”

“ಹುಲಿ ಹಾಲು ಅಂತ ಹೆಸರವ್ವ.”

“ಮಣಿಕಂಠ ತಂದಿದ್ದು ಹುಲಿ ಹಾಲು. ಇಲ್ಲಿ ಹುಲಿನೇ ಇವಳ ಹಾಲು ಕುಡಿಯಾಕತ್ತೈತಲ್ಲೋ. ಹೆಸರು ಉಲ್ಟಾ ಇಟ್ಟಾರೆ.”

ಅಯ್ಯಪ್ಪನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ತಮ್ಮ ಪ್ರತಿ ವರ್ಷ ಮಾಲೆ ಹಾಕುತ್ತಾನೆ. ರಾಣಿಗೆ ಸುಳ್ಳು ತಲೆನೋವು, ಹುಡುಗ ಕಾಡಿಗೆ ಹೋಗಿ ಹುಲಿ ಮೇಲೆ ಕೂತು ವಾಪಸ್ ಬಂದಿದ್ದು. ಇಪ್ಪತ್ತು ವರ್ಷ ನಾವು ಮೂವರು ಈ ಆಲ್ಬಂ ಬಗ್ಗೆ ಹರಟಿದ್ದೇವೆ, ಅವ್ವ ಹೇಳಿದ್ದು ಒಬ್ಬರಿಗೂ ಹೊಳೆದಿರಲಿಲ್ಲ. ರಾಯಚೂರಿಗೆ ಫೋನ್ ಮಾಡಿ ಹೇಳಿದರೆ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ನಿಮ್ಮವ್ವಗ ಹೇಳು, ಆಕಿನ್ನೂ ನಮ್ಮ ಗುಂಪಿಗೆ ಸೇರಿಸ್ಕೊಂಡೀವಿ ಅಂತ” ಅಂದ.

ಸೊಟ್ಟಗಾದ ಪ್ಲೇಟನ್ನು ಸಪಾಟು ಮಾಡೋದು ಹೇಗೆ? ನಮ್ಮ ಯೂನಿಟ್ಟಿನ ಇಸ್ತ್ರಿ ಮಾಡುವ ಹುಡುಗ ನೋಡಿದವನೇ, “ಕೊಡ್ರಿ ಸಾರ್, ಸ್ಟೀಮ್ ಕೊಟ್ಟು ಎರಡು ನಿಮಿಷದಾಗೆ ಸಾಫ್ ಮಾಡ್ತೀನಿ” ಅಂತ ಕೈ ಚಾಚಿದ. ಪಾಪ, ಒಳ್ಳೇ ಮನಸ್ಸಿನ ಹುಡುಗ. ಪ್ಲೇಟನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಆಮೇಲೆ ಗಾಜಿನ ಅಂಗಡಿಯಲ್ಲಿ ಒಂದೂವರೆ ಅಡಿ ಚೌಕದ ದಪ್ಪ ಗಾಜು ಎರಡು ಕತ್ತರಿಸಿಕೊಂಡು ತಂದೆ. ನಡುವೆ ಪ್ಲೇಟು ಇಟ್ಟು, ಮೇಲೆ ಭಾರಕ್ಕೆ ಡೆನಿಮ್ ಬಟ್ಟೆಯ ಕಟ್ಟು ಹೇರಿ, ಬೆಳಗಿನ ಬಿಸಿಲಿಗೆ ಮಾಳಿಗೆ ಮೇಲೆ ಇಟ್ಟೆ. ಹತ್ತು ಗಂಟೆ ಹೊಡೆಯುವ ಮುಂಚೆ ಭಾರದ ಸಮೇತ ಒಳಗೆ ತಂದು ರಾತ್ರಿಯೆಲ್ಲ ಆರಲು ಬಿಟ್ಟೆ. ಆರುವ ಮುಂಚೆ ಗಾಜು ಎತ್ತಿದರೆ ಮತ್ತೆ ಸೊಟ್ಟಗಾಗುತ್ತೆ. ಹೀಗೆ ನಾಲ್ಕು ದಿನ. ಪೂರ್ತಿ ಸರಿಹೋಗಲಿಲ್ಲ. ಅಂಚಿನಲ್ಲಿ ಒಂದು ಸಣ್ಣ ಅಲೆ ಉಳಿಯಿತು. ಅಂಚಿನಲ್ಲಿ ಅಂದ್ರೆ ಮೊದಲ ಹಾಡಿನ ಜಾಗದಲ್ಲಿ, ನಮ್ಮ ಮೂವರಿಗೂ ಅತಿ ಇಷ್ಟದ ಹಾಡು.

ಇನ್ನು ಪ್ಲೇಯರ್. ಅಪ್ಪನದು ಒಂದಿತ್ತು. ಸೂಟ್‌ಕೇಸಿನ ಹಾಗೆ ಹಿಡಿಕೆ ಇರುವ ಎಚ್‌ಎಂವಿ, ಒಂದೇ ಸ್ಪೀಕರು. ಅಪ್ಪ ಹೋದ ಮೇಲೆ ಅಟ್ಟ ಸೇರಿತ್ತು. ಕೆಳಗಿಳಿಸಿ ಪ್ಲಗ್ ಹಾಕಿದೆ. ಮೋಟಾರ್ ಗುಂಯ್ ಅಂತು, ತಟ್ಟೆ ತಿರುಗಲಿಲ್ಲ.

ಕೌಲ್ ಬಜಾರಿನಲ್ಲಿ ಒಬ್ಬರು ಚಾಚಾ ಇದ್ದಾರೆ. ಒಂದು ಕಾಲದಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ. ಈಗ ಮಿಕ್ಸಿ, ಇಂಡಕ್ಷನ್ ಒಲೆ. ಪ್ಲೇಯರ್ ಮುಚ್ಚಳ ತೆಗೆದ ಕೂಡಲೇ ಅವರ ಮುಖದ ಕಳೆಯೇ ಬೇರೆಯಾಯಿತು. ಕೈಯಲ್ಲಿದ್ದ ಮಿಕ್ಸಿಯನ್ನು ಬದಿಗೆ ಸರಿಸಿದರು. ಮಿಕ್ಸಿಯ ಒಡತಿ ಅಲ್ಲೇ ನಿಂತಿದ್ದರು, ಅವರಿಗೆ ಸಿಟ್ಟು ಬಂತು.

ತಟ್ಟೆ ಎತ್ತಿ ಚಾಚಾ ತೋರಿಸಿದರು. ಮೋಟಾರಿನ ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಹಿತ್ತಾಳೆ ಕಡ್ಡಿ. ತಟ್ಟೆಯ ಒಳಗಿನ ಅಂಚು. ಎರಡರ ನಡುವೆ ಒಂದು ರಬ್ಬರ್ ಗಾಲಿ. ಕಡ್ಡಿ ಗಾಲಿಯನ್ನು ತಿರುಗಿಸುತ್ತೆ, ಗಾಲಿ ತಟ್ಟೆಯನ್ನು. ಆ ರಬ್ಬರ್ ಒಣಗಿ ಕಲ್ಲಾಗಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರಿತು.

“ಈ ರಬ್ಬರ್ ಎಲ್ಲೂ ಸಿಗಂಗಿಲ್ಲ ಬೇಟಾ,” ಅಂದರು. ಆಮೇಲೆ ನನ್ನ ಅಂಗಿಗೆ ಅಂಟಿಕೊಂಡಿದ್ದ ನೀಲಿ ದಾರ ನೋಡಿ, “ಜೀನ್ಸ್ ಯೂನಿಟ್ಟಾ ನಿಂದು? ಬಾಬಿನ್ ಸುತ್ತೋ ರಬ್ಬರ್ ರಿಂಗ್ ಇರತಾವಲ್ಲ, ಒಂದು ನಾಲ್ಕು ತಗಂಡು ಬಾ.”

ಹೊಲಿಗೆ ಮೆಷಿನ್ನಿನಲ್ಲಿ ಬಾಬಿನ್ನಿಗೆ ದಾರ ಸುತ್ತುವ ಪುಟ್ಟ ಚಕ್ರಕ್ಕೆ ಒಂದು ರಬ್ಬರ್ ಉಂಗುರ ಇರುತ್ತೆ. ಈ ಊರಲ್ಲಿ ಯಾವ ಮೂಲೆಯಲ್ಲಿ ಕೇಳಿದರೂ ಸಿಗುತ್ತೆ. ಚಾಚಾ ಹಳೇ ಗಾಲಿಯ ರಬ್ಬರ್ ಕಿತ್ತು, ಲೇತಿನವನ ಹತ್ತಿರ ಅಳತೆಗೆ ಒಂದು ನೈಲಾನ್ ಬಿಲ್ಲೆ ಮಾಡಿಸಿ, ಅದಕ್ಕೆ ನಮ್ಮ ಉಂಗುರ ತೊಡಿಸಿದರು. ಹೊಸ ಗಾಲಿ ಹಳೆಯದಕ್ಕಿಂತ ಸಣ್ಣದಿತ್ತು. ನನಗೆ ದಿಗಿಲಾಯಿತು. ಗಾತ್ರ ಬದಲಾದರೆ ವೇಗ ಬದಲಾಗಲ್ವಾ?

“ಆಗಂಗಿಲ್ಲ. ಇದು ಬರೀ ದಲ್ಲಾಳಿ,” ಅಂದರು ಚಾಚಾ. “ಈ ಕಡೆಯಿಂದ ತಗಂಡಿದ್ದು ಆ ಕಡೆ ಕೊಡ್ತೈತೆ. ವೇಗ ಇರೋದು ಕಡ್ಡಿ ದಪ್ಪದಾಗೆ, ತಟ್ಟೆ ಅಗಲದಾಗೆ.”

ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ನಡುವಿನ ಗಾಲಿಯ ಅಳತೆ ಮೇಲೂ ಬರುತ್ತೆ, ಕೆಳಗೂ ಬರುತ್ತೆ, ಹೊಡೆದುಹೋಗುತ್ತೆ. ಚಾಚಾ ಹೇಳಿದ್ದೇ ಸರಿ.

ಮೋಟಾರಿಗೆ ಮೆಷಿನ್ ಎಣ್ಣೆ ಬಿಟ್ಟರು. ಸೂಜಿ ಕೂತಿರುವ ಹಳೇ ಕಾರ್ಟ್ರಿಜ್ ಸತ್ತಿತ್ತು, ಆನ್‌ಲೈನಿನಲ್ಲಿ ಸಿಗುವ ಅಗ್ಗದ ಕೆಂಪು ಸೆರಾಮಿಕ್ ಕಾರ್ಟ್ರಿಜ್ ತರಿಸಿ ಹಾಕಿದೆವು. ಇದು ಪ್ಲೇಟಿನ ಮೇಲೆ 5-6 ಗ್ರಾಂ ಭಾರ ಹಾಕುತ್ತೆ. ಈಗಿನ ಒಳ್ಳೇ ಪ್ಲೇಯರುಗಳಲ್ಲಿ 2 ಗ್ರಾಂ ಆಸುಪಾಸು. ಅಂದ್ರೆ ಪ್ರತಿ ಸಲ ಕೇಳಿದಾಗಲೂ ಪ್ಲೇಟು ಒಂಚೂರು ಸವೆಯುತ್ತೆ. ವಿಷಯ ಗೊತ್ತಿದ್ದವರು ಕೇಳಿದರೆ ನನಗೆ ಬೈತಾರೆ. ಬೈಯಲಿ.

ವೇಗ ಪರೀಕ್ಷೆ ಅಂಗಡಿಯಲ್ಲೇ ಆಯಿತು. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗಬೇಕು. ಮೂರು ನಿಮಿಷಕ್ಕೆ ಸರಿಯಾಗಿ 100. ತಟ್ಟೆ ಅಂಚಿಗೆ ಒಂದು ಚೂರು ಕಾಗದ ಅಂಟಿಸಿ, ಫೋನಿನಲ್ಲಿ ಮೂರು ನಿಮಿಷ ಇಟ್ಟು, ನಾನೂ ಚಾಚಾನೂ ಎಣಿಸಿದೆವು. ಅವರು ಉರ್ದುವಿನಲ್ಲಿ, ನಾನು ಕನ್ನಡದಲ್ಲಿ. ಇಬ್ಬರದೂ ನೂರು.

ಅಷ್ಟೊತ್ತಿಗೆ ಆಗಸ್ಟ್ ಬಂದಿತ್ತು. ಒಂದು ಶನಿವಾರ ಇಬ್ಬರನ್ನೂ ಕರೆದೆ. ಗೆಳೆಯ ಸಿಂಧನೂರು, ಸಿರುಗುಪ್ಪ ಮೇಲೆ ಬಸ್ಸಿನಲ್ಲಿ ಮಧ್ಯಾಹ್ನಕ್ಕೇ ಬಂದ. ಅಕ್ಕ ಬರಬೇಕಾದದ್ದು ಕಂಪ್ಲಿ, ಕುರುಗೋಡು ಮೇಲೆ. ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟಿದ್ದರು, ಕಂಪ್ಲಿ ಸೇತುವೆ ಮುಳುಗಿತ್ತು. 2024ರ ಆಗಸ್ಟಿನಲ್ಲಿ 19ನೇ ಗೇಟು ಕಿತ್ತುಕೊಂಡು ಹೋದ ಮೇಲಂತೂ ಹೊಳೆಗೆ ನೀರು ಬಿಟ್ಟರು ಅಂದ್ರೆ ನಮ್ಮ ಕಡೆಯವರ ಎದೆ ಢವಢವ ಅನ್ನುತ್ತೆ. ಬರಬೇಡಿ ಅಕ್ಕ, ಇನ್ನೊಂದು ಸಲ ನೋಡೋಣ ಅಂದೆ. “ಹುಲಿಗಿ, ಹೊಸಪ್ಯಾಟಿ ಸುತ್ತಿ ಬರ್ತೀನಿ ತಮ್ಮಾ. ಇಷ್ಟು ವರ್ಷ ಆತು, ಇನ್ನ ಯಾವಾಗ ಕೇಳೂದು?” ಅಂದರು. ಬರುವಾಗ ಪುಟ್ಟ ಹಾರ್ಮೋನಿಯಂ ಬೇರೆ ತಂದಿದ್ದರು, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು.

ಏಳು ಗಂಟೆಗೆ ಸೂಜಿ ಇಳಿಸಿದೆ. ಮೊದಲು ಚರಚರ ಸದ್ದು. ಆಮೇಲೆ ಬ್ಯಾಂಡಿನ ಹಾಡುಗಾರ ಸ್ಟುವರ್ಟ್ ಮರ್ಡಾಕ್‌ನ ದನಿ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ಅಂಚಿನ ಅಲೆಗೆ ಸೂಜಿ ಏರಿ ಇಳಿಯುತ್ತಿತ್ತು, ಹೊಂಡ ಬಿದ್ದ ರಸ್ತೆಯಲ್ಲಿ ಬಸ್ ಹೋದ ಹಾಗೆ. ಜಿಗಿಯಲಿಲ್ಲ. ಗೆಳೆಯ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದ್ದ. ಅಕ್ಕ ಮಾತ್ರ ಹುಬ್ಬು ಗಂಟಿಕ್ಕಿದರು. ಹಾರ್ಮೋನಿಯಂ ಬೆಲ್ಲೋ ಎಳೆದು ಒಂದು ಮನೆ ಒತ್ತಿದರು. ಇನ್ನೊಂದು ಒತ್ತಿದರು.

“ಶ್ರುತಿ ಇಳಿದೈತಿ.”

“ಹಳೇ ಪ್ಲೇಯರ್ ಅಕ್ಕ, ಹಂಗೇ ಇರುತ್ತೆ.”

“ಹಂಗಲ್ಲ. ಬಿಳಿಗೂ ಸೇರವಲ್ದು, ಕರಿಗೂ ಸೇರವಲ್ದು. ನಡುವ ಎಲ್ಲೋ ನಿಂತೈತಿ.”

ಫೋನಿನಲ್ಲಿ ಅದೇ ಹಾಡು ಹಾಕಿದೆವು. ಹಾರ್ಮೋನಿಯಮ್ಮಿಗೆ ಸರಿಯಾಗಿ ಕೂತಿತು. ಪ್ಲೇಟಿನದು ಕೆಳಗೆ. ಮತ್ತೆ ಕಾಗದದ ಚೂರು, ಮತ್ತೆ ಮೂರು ನಿಮಿಷ. ಈ ಸಲ ನಾಲ್ಕು ಜನ ಎಣಿಸಿದೆವು, ಅವ್ವನೂ ಸೇರಿ. 97.

ಚಾಚಾನಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, “ನಿಮ್ಮ ಓಣಿಗೆ ನಳದ ನೀರು ಬಂದೈತಾ?”

ಬಂದಿತ್ತು. ಎಷ್ಟೋ ದಿನದ ಮೇಲೆ ಅವತ್ತು ಸಂಜೆಯೇ ಬಂದಿತ್ತು. ಓಣಿಯ ಪ್ರತಿ ಮನೆಯಲ್ಲೂ ನೀರೆತ್ತುವ ಮೋಟಾರ್ ಹಾಕಿದ್ದರು, ನಮ್ಮನೆಯದೂ ಸೇರಿ. ವೋಲ್ಟೇಜ್ ಬಿದ್ದಿತ್ತು. ಈ ಪ್ಲೇಯರಿನ ಮೋಟಾರಿಗೆ ಕರೆಂಟು ಕಮ್ಮಿಯಾದರೆ ಬಲವೂ ಕಮ್ಮಿ, ಸೂಜಿಯ ಭಾರಕ್ಕೆ ಎಳೆದು ಎಳೆದು ನಡೆಯುತ್ತೆ. ಸ್ಟೆಬಿಲೈಜರ್ ನಮ್ಮನೆಯಲ್ಲಿ ಇರಲಿಲ್ಲ. “ನೀರು ನಿಲ್ಲತನಕ ಕಾಯ್ರಿ” ಅಂದರು ಚಾಚಾ.

ಕಾದೆವು. ಎರಡು ಗಂಟೆ. ಇಡೀ ಮೂರು ತಿಂಗಳಲ್ಲಿ ನನಗೆ ಜಾಸ್ತಿ ನೆನಪಿರೋದು ಈ ಎರಡು ಗಂಟೆಯೇ. ಅವ್ವ ಒಗ್ಗರಣೆ ಮಾಡಿದಳು, ನಾನು ಮಿರ್ಚಿ ತಂದೆ. ಹಳೇ ಜಗಳಗಳೆಲ್ಲ ಒಂದೊಂದಾಗಿ ಹೊರಗೆ ಬಂದವು. ಮೊದಲ ಮುಖದ ಕೊನೇ ಹಾಡು, ಗಿಟಾರ್ ಪಿಟೀಲು ಎಲ್ಲ ಬಿಟ್ಟು ಮೆಷಿನ್ ತಾಳಕ್ಕೆ ಹಾಡಿದ್ದು, ಅದು ಆಲ್ಬಮ್ಮಿನಲ್ಲಿ ಇರಬೇಕಿತ್ತೋ ಬೇಡವೋ? ಗೆಳೆಯನಿಗೆ ಅದು ಊಟದಲ್ಲಿ ಕಲ್ಲು ಸಿಕ್ಕ ಹಾಗೆ. ನನಗೆ ಇಷ್ಟ. ಹೊಲಿಗೆ ಮೆಷಿನ್ನುಗಳ ನಡುವೆ ದಿನ ಕಳೆಯೋನಿಗೆ ಇಷ್ಟವಾಗದೆ ಇರುತ್ತಾ? ಚೆಲ್ಲೋ ಅನ್ನೋ ದೊಡ್ಡ ಪಿಟೀಲು ಬಾರಿಸುತ್ತಿದ್ದ ಇಸಬೆಲ್ ಕ್ಯಾಂಬೆಲ್ 2002ರಲ್ಲಿ ಬಿಟ್ಟುಹೋದ ಮೇಲೆ ಬ್ಯಾಂಡ್ ಕೆಟ್ಟಿತು ಅಂತ ಗೆಳೆಯನ ವಾದ. ಅಕ್ಕ ಒಪ್ಪಲ್ಲ. ಇನ್ನು 1999ರಲ್ಲಿ ಜನರ ಓಟಿನ ಮೇಲೆ ಬ್ರಿಟನ್ನಿನಲ್ಲಿ ಸಂಗೀತಕ್ಕೆ ಕೊಡುವ ಬ್ರಿಟ್ ಪ್ರಶಸ್ತಿ ಬಂತಲ್ಲ, ಹೊಸಬರು ಅಂತ. ಮೂರು ಆಲ್ಬಂ ಆದ ಮೇಲೆ ಎಂಥ ಹೊಸಬರು? ಪ್ರತಿ ಸಲ ಇದಕ್ಕೆ ನಗುತ್ತೇವೆ, ಅವತ್ತೂ ನಕ್ಕೆವು. ಹೆಸರಿನ ವಿಷಯವೂ ಬಂತು. ಬೆಲ್ ಅನ್ನೋದು ಫ್ರೆಂಚ್ ಮಕ್ಕಳ ಕಥೆಯೊಂದರ ನಾಯಿ, ಸೆಬಾಸ್ಟಿಯನ್ ಹುಡುಗ. “ನಾಯಿ ಹೆಸರು ಮೊದಲಾ?” ಅಂತ ಅವ್ವ ಕೇಳಿದಳು. ಹೌದು ಅಂದೆ. “ಚಲೋ ಜನ” ಅಂದಳು.

ಆಮೇಲೆ ಅಕ್ಕ ಒಂದು ಮಾತು ಹೇಳಿದರು, ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳದ್ದು. ಮರ್ಡಾಕ್ ಬ್ಯಾಂಡ್ ಕಟ್ಟುವ ಮುಂಚೆ ಸುಮಾರು ಏಳು ವರ್ಷ ಮೈಯಲ್ಲಿ ಶಕ್ತಿಯೇ ಇಲ್ಲದ ಕಾಯಿಲೆಯಿಂದ ನರಳಿದ. ಕೆಲಸ ಇಲ್ಲ, ತಿರುಗಾಟ ಇಲ್ಲ. ಹಾಡು ಕಟ್ಟೋಕೆ ಶುರು ಮಾಡಿದ್ದು ಆಗಲೇ. ಅದು ನಮ್ಮೆಲ್ಲರಿಗೂ ಗೊತ್ತಿರೋದೇ. ಅಕ್ಕ ಹೇಳಿದ್ದು ಬೇರೆ.

“2006ರಾಗ ಚಿಕುನ್‌ಗುನ್ಯ ಬಂದಿತ್ತಲ್ಲ, ಊರಿಗೆ ಊರ ಮಲಗಿತ್ತು. ನನಗ ಜ್ವರ ಹೋದ್ರೂ ಬೆರಳಿನ ಗಂಟು ನೋವು ಹೋಗಲಿಲ್ಲ. ಎಂಟು ತಿಂಗಳು ಹಾರ್ಮೋನಿಯಂ ಮುಟ್ಟಿಲ್ಲ. ಮನಿ ಒತ್ತಿದ್ರ ಜೀವ ಹೋದಂಗ ಆಗ್ತಿತ್ತು. ಮುಗೀತು ನನ್ನ ಕಥಿ ಅನ್ಕೊಂಡಿದ್ದೆ. ಆವಾಗ ಈ ಸಿಡಿ ಹಚ್ಚಿಕೊಂಡು ಬಿದ್ದಿರ್ತಿದ್ದೆ. ಸಂಗೀತ ಅಂತ ಅಲ್ಲ. ಇವನೂ ಮಲಗಿದ್ನಲ್ಲ, ಅದಕ್ಕ.”

ಗೆಳೆಯ ಯಾವಾಗಲೂ ಸಾಹಿತ್ಯ, ಪ್ರಾಸ, ಸಾಲು ಅಂತ ಕುಟ್ಟುವವನು. ಅವನು ಮಿರ್ಚಿಯ ತೊಟ್ಟು ಹಿಡಿದುಕೊಂಡು ಹಾಗೇ ಕೂತಿದ್ದ.

ಒಂಬತ್ತೂಕಾಲಿಗೆ ಓಣಿ ಸದ್ದಡಗಿತು. ಮೋಟಾರುಗಳು ಒಂದೊಂದಾಗಿ ನಿಂತವು. ಟ್ಯೂಬ್‌ಲೈಟು ಪಕ್ಕನೆ ಬೆಳ್ಳಗಾಯಿತು. ಎಣಿಸಿದೆವು. ನೂರು. ಸೂಜಿ ಮತ್ತೆ ಮೊದಲಿಗೆ ಇಟ್ಟೆ. ಅಕ್ಕ ಒಂದು ಮನೆ ಒತ್ತಿ ಹಿಡಿದರು, ದನಿ ಅದರ ಮೇಲೆ ಬಂದು ಕೂತಿತು. ಅವರ ಬೆರಳು ಆ ಮನೆ ಮೇಲೇ ಇತ್ತು, ಹಾಡು ಮುಗಿಯುವ ತನಕ.

ನಿಜ ಹೇಳಬೇಕು ಅಂದ್ರೆ ಸದ್ದು ಫೋನಿನದೇ ಚೆನ್ನಾಗಿದೆ. ಚರಚರ ಇಲ್ಲ, ಅಲೆ ಇಲ್ಲ. ಪ್ಲೇಟಿನಲ್ಲಿ ಕೇಳಿದರೆ ಸ್ವರ್ಗ ಅಂತ ಹೇಳೋರ ಮಾತು ನಾನು ನಂಬಲ್ಲ, ಕೌಲ್ ಬಜಾರಿನ ಕಾರ್ಟ್ರಿಜ್ಜಿನಲ್ಲಂತೂ ಇಲ್ಲವೇ ಇಲ್ಲ. ಆದರೆ ಪ್ಲೇಟಿನಲ್ಲಿ ಹಾಡು ಹಾರಿಸೋದು ಕಷ್ಟ. ಗೆಳೆಯ ಆ ಮೆಷಿನ್ ಹಾಡನ್ನು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಪೂರ್ತಿ ಕೇಳಿದ. ಏನೂ ಹೇಳಲಿಲ್ಲ. ಕಾಲು ಮಾತ್ರ ತಾಳ ಹಾಕುತ್ತಿತ್ತು. ನಾನು ನೋಡಿದೆ. ನೋಡಿದ್ದನ್ನು ಅವನೂ ನೋಡಿದ, ಕಾಲು ನಿಲ್ಲಿಸಿದ.

ಎರಡನೇ ಮುಖವೂ ಮುಗಿಯಿತು. ಸೂಜಿ ಒಳಗಿನ ಖಾಲಿ ಗೆರೆಯಲ್ಲಿ ಟಕ್, ಟಕ್ ಅನ್ನುತ್ತಿತ್ತು. ಯಾರೂ ಎದ್ದು ಎತ್ತಲಿಲ್ಲ.

“ಮುಗೀತಾ?” ಅಂತ ಅವ್ವ ಒಳಗಿನಿಂದ ಕೇಳಿದಳು. “ಮುಗಿದಿದ್ರೆ ನಿಮ್ಮಪ್ಪಂದು ಮನ್ಸೂರರ ವಚನದ ಪ್ಲೇಟು ಐತೆ ನೋಡು ಅಟ್ಟದ ಮೇಲೆ. ಅದನ್ನ ಹಾಕು.”

ಸ್ಟೂಲ್ ಹಾಕಿ ಇಳಿಸಿದೆ. ಕವರು ಗೆದ್ದಲು ತಿಂದು ಅರ್ಧ ಆಗಿತ್ತು. ಪ್ಲೇಟಿನ ಮೇಲೆ ಧೂಳು, ಮೈನಿಂಗ್ ಜೋರಿದ್ದ ಕಾಲದಲ್ಲಿ ಸಂಡೂರು ಲಾರಿಗಳು ಎಬ್ಬಿಸಿ ಹೋದದ್ದು ಇರಬೇಕು. ಇನ್ವರ್ಟರಿಗೆ ಅಂತ ತಂದಿಟ್ಟಿದ್ದ ಬ್ಯಾಟರಿ ನೀರಿನಲ್ಲಿ ಬನಿಯನ್ ಬಟ್ಟೆ ಅದ್ದಿ, ಗೆರೆಯ ಗುಂಟ ಒರೆಸಿದೆ. ಬಟ್ಟೆ ಕೆಂಪಾಯಿತು. ಇನ್ನೊಂದು ಸಲ ಒರೆಸಿದೆ. ಮತ್ತೂ ಕೆಂಪು.

“ತಡಿ ತಮ್ಮಾ, ಇನ್ನೊಂದು ಅರಿವಿ ಕೊಡು ಇಲ್ಲಿ,” ಅಂತ ಅಕ್ಕ ಪ್ಲೇಟನ್ನು ತೊಡೆ ಮೇಲೆ ಎಳೆದುಕೊಂಡರು.